ಮೂರನೆಯ ಆಂಪ್

ಕೆಂಪಗಾಗುತ್ತಿದೆ, ಗಿಟಾರಿಗೆಂದು ಕೊಂಡ ಪೆಡಲ್ಲಿನ ಜಾಲರಿಯ ಹಿಂದೆ ಗಾಜಿನ ಟ್ಯೂಬು, ಹಳೆಯ ರೇಡಿಯೋಗಳ ಹೊಟ್ಟೆಯಲ್ಲಿ ಇರುತ್ತಿತ್ತಲ್ಲ ಅಂಥದೇ, ಬೂದಿಯೊಳಗಿನ ಕೆಂಡದ ಹಾಗೆ ಮೊದಲು ಮಂಕಾಗಿ, ಆಮೇಲೆ — ಕಾಯಬೇಕು, ಬಿಸಿಯಾದರೆ ಗಿಟಾರಿನ ದನಿಗೆ ಜೀವ ಬರುತ್ತದೆ ಅಂದಿದ್ದ ಮಾರಿದವನು, ರಾಯಚೂರಿನ ನಮ್ಮ ಮನೆಯಲ್ಲಿ ಬರಲಿಲ್ಲ, ನನ್ನ ಆಂಪಿನ ಸ್ಪೀಕರಿಗೇ ವಯಸ್ಸಾಗಿದೆ ಅಂದುಕೊಂಡೆ, ದೇವದುರ್ಗಕ್ಕೆ ಹೋಗಿ ಕೀಬೋರ್ಡಿನ ಅಲ್ತಾಫನ ಹೊಸ ಆಂಪಿಗೆ ಜೋಡಿಸಿದೆ, ಅಲ್ಲೂ ಅದೇ, ಒದ್ದೆ ಗೋಣಿಚೀಲ ಹೊದಿಸಿದಂಥ ದನಿ, ಸಣ್ಣ ದನಿ ಏರಿಸುವ ಟ್ರೆಬಲ್ ಗುಂಡಿ ತಿರುಗಿಸಿದೆ, ಇನ್ನೂ ತಿರುಗಿಸಿದೆ, ಅಲ್ತಾಫ್ ಮುಖ ಹಿಂಡಿದ, ಪ್ರಭುಣ್ಣಾ ಕಮ್ಮಿ ಮಾಡ್ರಿ, ಕಿವ್ಯಾಗ ಸೂಜಿ ಚುಚ್ಚಿದಂಗ ಆಗಾಕತ್ತದ, ನಿನಗೇನು ತಿಳೀತದ ಬಿಡಲೇ ಎಂದು ವೈರು ಸುತ್ತಿಕೊಂಡು ಎದ್ದು ಬಂದೆ, ಬಸ್ಸಿನಲ್ಲಿ ಪೆಡಲನ್ನು ತೊಡೆಯ ಮೇಲಿಟ್ಟುಕೊಂಡು ಅದನ್ನೇ ಬೈದೆ, ಅವನನ್ನೂ ಬೈದೆ, ಈಗಿನ ಹುಡುಗರಿಗೆ ಎಲ್ಲಾ ಚುಚ್ಚುತ್ತದೆ — ಇಲ್ಲಿ ಹಾಗಾಗುವುದಿಲ್ಲ, ಇದು ಮಾನ್ವಿ, ಇದು ನಮ್ಮ ಮಾಲಕ ಖಾಜಾಮಿಯಾನ ಆಂಪು, ಹೈದರಾಬಾದಿನಿಂದ ತಂದದ್ದು, ಇಬ್ಬರು ಹಿಡಿದರೇ ಮೇಲೇಳುವುದು, ನಮ್ಮ ಆರ್ಕೆಸ್ಟ್ರಾ ಶುರುವಾದದ್ದೇ ಇದರ ಮೇಲೆ, ಇದು ಮೋಸ ಮಾಡುವುದಿಲ್ಲ.

ತಂತಿ ಮೀಟಿದೆ, ಮಂದ, ಮತ್ತೆ ಮೀಟಿದೆ, ಕೊನೆಯ ಸಣ್ಣ ತಂತಿ, ಬೆರಳಿಗೆ ಹರಿತವಾಗಿಯೇ ಇದೆ, ಗಾಳಿಗೆ ಬಂದೊಡನೆ ಮೊಂಡು, ಟ್ರೆಬಲ್ ಪೂರ್ತಿ ತಿರುಗಿಸಿದೆ, ಖಾಜಾಮಿಯಾ ಎರಡೂ ಕೈ ಕಿವಿಗೆ ಒತ್ತಿಕೊಂಡು, ಯಪ್ಪಾ ಸಾಕ್ರಿ, ಕಿವಿ ಹರದು ಹೋಗ್ತಾವ, ಅವನಿಗೆ ನನಗಿಂತ ಇಪ್ಪತ್ತು ವರ್ಷ ಹೆಚ್ಚು — ಮೂಲೆಯಲ್ಲಿ ಸ್ಪೀಕರ್ ಡಬ್ಬಿಯ ಮೇಲೆ ಕುಳಿತ ನನ್ನ ಹೆಂಡತಿ ಸವಿತಾ ಕೂಡ ಕಣ್ಣು ಮುಚ್ಚಿದಳಲ್ಲ, ಅವಳೂ, ಯಾಕೆ, ಬೇಡ, ಅತ್ತ ನೋಡಬೇಡ, ವೈರು ಸಡಿಲಾಗಿರಬೇಕು, ತೆಗೆದು ಮತ್ತೆ ಸಿಕ್ಕಿಸು. ಆರ್ಕೆಸ್ಟ್ರಾದಲ್ಲಿ ಹಾಡುವವಳು ಅವಳು, ಯರಗೇರಾದ ಮದುವೆಯಿಂದ ಬರುವಾಗ ನಾನೇ ಹೇಳಿದ್ದೆ, ನಿನ್ನ ದನಿಯೊಳಗಿನ ಮೊನಿ ಹೋಗ್ಯದ ಸವಿತಾ, ಸುಮ್ಮನೆ ಹೇಳಿದ್ದಲ್ಲ, ನನಗೆ ಕೇಳಿಸಿದ್ದನ್ನೇ ಹೇಳಿದೆ, ಅವಳು ಕಿಟಕಿಯಾಚೆ ನೋಡುತ್ತ ಕುಳಿತಳು, ಮರುದಿನದಿಂದ ಮೆಣಸಿನ ಕಷಾಯ, ಮೇಲಿನ ಸ್ವರ ಬಂದಲ್ಲೆಲ್ಲ ನಿಲ್ಲಿಸುವುದು, ಒಲೆಯ ಮುಂದೆ ಗುನುಗುವುದೂ ನಿಂತಿತು, ಇವತ್ತು ನನ್ನ ಜೊತೆ ಬಂದದ್ದೇ ಆರ್ಕೆಸ್ಟ್ರಾದ ಮಾಲಕ ಖಾಜಾಮಿಯಾನಿಗೆ ಹೇಳಲಿಕ್ಕೆ, ಬ್ಯಾರೆ ಹಾಡಾಕಿನ್ನ ನೋಡಿಕೊಳ್ರಿ ಚಾಚಾ, ನನ್ನ ದನಿ ಮುಗೀತು.

ಮುಗೀತಂತ ಯಾರಂದ್ರವ್ವಾ, ಖಾಜಾಮಿಯಾ ಕೇಳಿದ. ಇವರು. ಇವರ ಕಿವಿ ಸುಳ್ಳು ಹೇಳಂಗಿಲ್ರಿ, ಸವಿತಾ ನನ್ನನ್ನು ತೋರಿಸಿದಳು. ಖಾಜಾಮಿಯಾ ನನ್ನನ್ನು ನೋಡಿದ, ಟ್ರೆಬಲ್ಲಿನ ಗುಂಡಿಯನ್ನು ನೋಡಿದ, ಬಹಳ ಹೊತ್ತು ನೋಡಿದ, ಆಮೇಲೆ ಅವಳಿಗೆ ಮೈಕು ಕೊಟ್ಟು ಒಂದೇ ಒಂದು ಸಾಲು ಹಾಡವ್ವಾ, ಮ್ಯಾಲಿಂದು, ಕೇಳೂಣು ಅಂದ, ಅವಳು ಹಾಡಿದಳು, ಬಾಯಿ ತೆರೆಯಿತು, ಕೊರಳಿನ ನರ ಉಬ್ಬಿತು, ನನಗೆ ಗೋಡೆಯಾಚೆಯಿಂದ ಬಂದಂತೆ ಬಂತು, ಖಾಜಾಮಿಯಾನ ಕಣ್ಣಲ್ಲಿ ನೀರು, ಗಂಟಿ ಬಾರಿಸಿದಂಗ ಅದಲ್ಲವ್ವಾ, ಏನಾಗ್ಯದ ಇದಕ್ಕ — ಅಷ್ಟರಲ್ಲಿ ಕರೆಂಟು ಹೋಯಿತು, ಫ್ಯಾನು ನಿಂತಿತು, ಆಂಪಿನ ಗುಂಯ್ ನಿಂತಿತು, ಟ್ಯೂಬು ಆರಿತು, ಇನ್ನು ದೂರಲು ಯಾವ ಯಂತ್ರವೂ ಉಳಿಯಲಿಲ್ಲ, ಸವಿತಾ ನನ್ನ ಕಡೆಗೇ ತಿರುಗಿದ್ದಾಳೆ, ನೀವು ಹೇಳ್ರಿ, ಹೆಂಗಿತ್ತು, ತುಟಿ ನೋಡಿ ಅರ್ಥ ಮಾಡಿಕೊಂಡೆನೋ ಕೇಳಿಯೇ ಅರ್ಥವಾಯಿತೋ, ಹೇಳಬೇಕು, ತಪ್ಪು ನಿನ್ನ ಕೊರಳಲ್ಲಿಲ್ಲ ಅಂತ, ಈಗಲೇ, ಅವಳು ಕಾಯುತ್ತಿದ್ದಾಳೆ, ಹಣೆಯ ಬೆವರು ಒರೆಸಲು ಕೈ ಎತ್ತಿದಳು, ಮೊಣಕೈವರೆಗೆ ಜಾರಿದವು ಹಸಿರು ಗಾಜಿನ ಬಳೆಗಳು, ಒಂದರ ಮೇಲೊಂದು ಬಿದ್ದವು, ಇಷ್ಟು ನಿಶ್ಶಬ್ದದಲ್ಲಿ, ಕೈ ಇಳಿಸಿದಳು, ಮಣಿಕಟ್ಟಿಗೆ ಮರಳಿದವು, ಒಂದಕ್ಕೊಂದು ಬಡಿದವು, ನೋಡಿದೆ, ಬಡಿದದ್ದನ್ನು ನೋಡಿದೆ, ಹಸಿರು ಬಳೆಗಳು, ಬಡಿದವು, ಸದ್ದಿಲ್ಲ