ಮೊದಲ ತುತ್ತು

ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಯ ಏಣಿಯಿಂದ ಬಿದ್ದು ತಲೆ ಒಡೆದುಕೊಂಡ ಚಿಕ್ಕಯ್ಯನನ್ನು ಹೆಂಡತಿ ಪಾಪಮ್ಮ ಹಾಸನದ ಆಸ್ಪತ್ರೆಗೆ ಕರೆತಂದಳು. ಎದೆಯ ಮೇಲಿನ ಹಳೆಯ ಆಪರೇಷನ್ ಗುರುತು ಕಂಡ ಡಾಕ್ಟರು, "ರಕ್ತ ತೆಳು ಮಾಡೋ ಮಾತ್ರೆ ತಗೋತಿದೀರಾ? ತಗೋತಿದ್ರೆ ತಲೆಯೊಳಗೆ ರಕ್ತ ಸೋರಿದ್ರೆ ನಿಲ್ಲಲ್ಲ," ಎಂದರು.

"ಬುಟ್ಟು ಮೂರು ತಿಂಗ್ಳಾಯ್ತು ಸಾ. ಗಟ್ಟಿಯಾಗೇ ಇವ್ನಿ," ಎಂದು ಚಿಕ್ಕಯ್ಯ ಬೀಗಿದ.

ಪಾಪಮ್ಮ ತಡವರಿಸಿದಳು. ನಿಜ ಹೇಳಿದರೆ ಗಂಡ ಇನ್ನು ಮುಂದೆ ಅವಳ ಕೈಯೂಟ ನಂಬಲಾರ. ಆದರೂ ಜೀವ ದೊಡ್ಡದು.

"ಬುಟ್ಟಿಲ್ಲ ಸಾ. ದಿನಾ ಮುದ್ದೆ ಮುರ್ದು, ಮೊದಲ ತುತ್ತಲ್ಲಿ ಮಾತ್ರೆ ಇಟ್ಟು ನಾನೇ ಬಾಯಿಗಿಡ್ತೀನಿ. ಮುದ್ದೆ ಯಾರು ಅಗೀತಾರೆ? ನುಂಗ್ಬುಡ್ತಾರೆ."

ಡಾಕ್ಟರು ತಕ್ಷಣ ರಕ್ತ ಹೆಪ್ಪುಗಟ್ಟಿಸುವ ಇಂಜೆಕ್ಷನ್ ಕೊಡಿಸಿ, ತಲೆಯ ಸ್ಕ್ಯಾನಿಗೆ ಕಳಿಸಿದರು.

ತಳ್ಳುಗಾಡಿಯಲ್ಲಿ ಮಲಗಿದ್ದ ಚಿಕ್ಕಯ್ಯ ಮುಖ ಊದಿಸಿಕೊಂಡ. "ಪ್ರೀತಿಗೆ ತಿನ್ನುಸ್ತಾವ್ಳೆ ಅಂದ್ಕಂಡಿದ್ನಲ್ಲೇ!"

"ಇನ್ಯಾತಕ್ಕೆ ಮತ್ತೆ?" ಎಂದಳು ಪಾಪಮ್ಮ, ಗಾಡಿಯ ಜೊತೆಜೊತೆಗೇ ಓಡುತ್ತಾ.