ನನ್ನ ಮೇಲೆ ಅಂಟಿಸಿದ ತುಂಡು

ನಾನು ಒಂದು ಹವಳ. ಹುಟ್ಟಿದ್ದು ಸಮುದ್ರದಲ್ಲಲ್ಲ, ಧಾರವಾಡದಲ್ಲಿ ಸಾಕುವ ಮೀನು ಮಾರುವ ಒಂದು ಅಂಗಡಿಯಲ್ಲಿ. ಅಂಗಡಿಯ ಮೊಹಸಿನ್ ದೊಡ್ಡ ಹವಳವೊಂದರ ಕೊಂಬೆಯನ್ನು ಕಟರ್‌ನಿಂದ ಕತ್ತರಿಸಿ ಸಿಮೆಂಟಿನ ಬಿಲ್ಲೆಯ ಮೇಲೆ ಅಂಟಿಸಿದ. ಆ ಕೊಂಬೆ ನಾನು. ನೋವಾಯಿತೇ ಎಂದು ಯಾರೂ ಕೇಳಲಿಲ್ಲ.

ನನ್ನನ್ನು ಕೊಂಡವನು ಹುಬ್ಬಳ್ಳಿಯಲ್ಲಿ ಫ್ರಿಜ್ ರಿಪೇರಿ ಮಾಡುವ ಶಾಂತವೀರ. ಅವನ ಮನೆಯಲ್ಲಿ ಗಾಜಿನ ತೊಟ್ಟಿ, ಉಪ್ಪು ಬೆರೆಸಿದ ನೀರು, ಮೇಲೆ ನೀಲಿ ದೀಪ. ದೀಪ ಹತ್ತಿದರೆ ಅರಳಬೇಕು, ಆರಿದರೆ ಮುದುಡಬೇಕು. ಪಂಪು ಹಗಲು ರಾತ್ರಿ ನೀರು ನೂಕುತ್ತಿತ್ತು. ಅಲ್ಲಿ ಯಾರಿಗೂ ರಜೆ ಇರಲಿಲ್ಲ. ಬೆಳೆದು ಪಕ್ಕದ ಹವಳಕ್ಕೆ ತಾಗಿದೆನೋ, ಮತ್ತೆ ಕಟರ್.

ಶಾಂತವೀರನ ತಾಯಿ ನೀಲಗಂಗಮ್ಮ ಬಂದವರಿಗೆಲ್ಲ ಹೇಳುತ್ತಿದ್ದರು: "ಮಂದಿ ಆಕಳ ಸಾಕತಾರ, ನಮ್ಮಾಂವ ಕಲ್ಲು ಸಾಕ್ಯಾನ."

ನನ್ನ ಮೊದಲ ತುಂಡು ಮೊಹಸಿನ್‌ಗೆ ಹೋಯಿತು. ಅವನಲ್ಲಿದ್ದ ನನ್ನ ತಾಯಿ ಅಷ್ಟರಲ್ಲಿ ಸತ್ತಿತ್ತು. ಹವಳ ಸಾಕುವವರಲ್ಲಿ ಹೀಗೆ ಒಬ್ಬರಿಗೊಬ್ಬರು ತುಂಡು ಕೊಟ್ಟಿಡುವುದು ರೂಢಿ. "ನಾಳೆ ನಿಂದು ಸತ್ರ ನನ್ನ ಕಡೆಯಿಂದ ಒಯ್ಯಿ" ಎಂದ ಅವನು.

ಒಮ್ಮೆ ಶಾಂತವೀರ ಕೆಲಸಕ್ಕೆಂದು ಕೆಲವು ವಾರ ಪರವೂರಿಗೆ ಹೋದ. ಆವಿಯಾದಷ್ಟು ಸಿಹಿನೀರನ್ನು ತೊಟ್ಟಿಗೆ ಸುರಿಯುವ ಕೆಲಸ ತಾಯಿಗೆ ಬಿತ್ತು. ಅವರು ಒಂದು ದಿನವೂ ತಪ್ಪಿಸಲಿಲ್ಲ. "ಕುಡೀರಿ, ಕುಡೀರಿ" ಎನ್ನುತ್ತ ಸುರಿಯುತ್ತಿದ್ದರು. ಮೊದಲು ಸೀಗಡಿ ಸತ್ತಿತು. ಆಮೇಲೆ ನನ್ನ ಚರ್ಮ ಸುಲಿಯತೊಡಗಿತು.

ಶಾಂತವೀರ ಬಂದು ನೀರು ಪರೀಕ್ಷಿಸಿದ.

"ಅವ್ವಾ, ನೀರು ಎದರಾಗ ತುಂಬಿಡತಿದ್ದಿ?"

"ತಾಮ್ರದ ಕೊಡದಾಗ. ರಾತ್ರಿಯೆಲ್ಲ ಇಟ್ಟು ಮುಂಜಾನೆ ಹಾಕತಿದ್ನೆಪಾ. ನೀ ಅಂತೂ ಕುಡಿಯೂದಿಲ್ಲ, ಅವಾದ್ರೂ ಗಟ್ಟಿ ಆಗಲಿ ಅಂತ."

"ನಮಗ ಛಲೋ ಅದು. ಇವಕ್ಕ ತಾಮ್ರ ಅಂದ್ರ ವಿಷ."

"ಹಂಗಾದ್ರ ಕೊಂದಾಕಿ ನಾನ."

ಶಾಂತವೀರ ಬಕೆಟ್ ತಂದು ನೀರು ತೆಗೆಯತೊಡಗಿದ.

ನನ್ನಲ್ಲಿ ಉಳಿದದ್ದು ಬಿಳಿ ಎಲುಬು. ಸುಳ್ಳು ಹೇಳುವುದಿಲ್ಲ, ಹಗುರವಾಯಿತು. ಇನ್ನು ಅರಳಬೇಕಿಲ್ಲ. ನೀಲಗಂಗಮ್ಮ ಮಾತ್ರ ಕಲ್ಲು ಸಾಕುವ ಮಾತನ್ನು ಬಿಟ್ಟುಬಿಟ್ಟರು. ಬಂದವರೆದುರು ತೊಟ್ಟಿಗೆ ಬೆನ್ನು ಮಾಡಿ ಕೂರುತ್ತಿದ್ದರು.

ತಿಂಗಳುಗಟ್ಟಲೆ ನೀರು ಬದಲಿಸಿದ ಮೇಲೆ ತಾಮ್ರ ಹೋಯಿತು. ಶಾಂತವೀರ ಧಾರವಾಡಕ್ಕೆ ಹೋಗಿ ಮೊಹಸಿನ್ ಬಳಿಯಿದ್ದ ನನ್ನ ತುಂಡಿನಿಂದ ಒಂದು ಚೂರು ತಂದ. ನೀಲಗಂಗಮ್ಮ ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಬಂದು ನಿಂತರು.

"ಆ ಹಳೇದರ ಮ್ಯಾಲ ಅಂಟಸು" ಎಂದರು.

ಅಂಟಿಸಿದ. ನನ್ನ ವಿಶ್ರಾಂತಿ ಮುಗಿಯಿತು; ಇನ್ನು ಅದನ್ನು ಹೊರಬೇಕು.

ಈಗ ಬೆಳಿಗ್ಗೆ ನೀಲಗಂಗಮ್ಮ ಪ್ಲಾಸ್ಟಿಕ್ ಮಗ್ ತರುತ್ತಾರೆ. ಮಗನಿಗೆ ತೋರಿಸಿ, ಅವನು ತಲೆಯಾಡಿಸಿದ ಮೇಲೆ ಸುರಿಯುತ್ತಾರೆ. ಮೊನ್ನೆ ಪಕ್ಕದ ಮನೆಯವರು ಗಾಜಿನ ಮೇಲೆ ಬೆರಳಿಟ್ಟು, ಇದೇನು ಎಂದು ಕೇಳಿದರು.

"ಕೆಳಗಿಂದು ಕಲ್ಲು. ಮ್ಯಾಗಿಂದು ಜೀವ ಐತಿ, ಗಾಜು ಬಡೀಬ್ಯಾಡ್ರಿ."

ಸರಿಯಾಗಿಯೇ ಹೇಳಿದರು. ಮೇಲಿನದು ಆಗಲೇ ಪಕ್ಕಕ್ಕೆ ಹೊಸದಾಗಿ ತಂದಿಟ್ಟ ಹವಳದ ಕಡೆ ಚಾಚಿಕೊಳ್ಳುತ್ತಿದೆ. ಕಟರ್ ಯಾವ ಡ್ರಾಯರಿನಲ್ಲಿದೆ ಎಂದು ನಾನು ಅದಕ್ಕೆ ಹೇಳಿಲ್ಲ.