ತಳ ಕಪ್ಪಾದ ಟೊಮೆಟೊ

ಪ್ಲಾಸ್ಟಿಕ್ ಚಾವಣಿಯ ಪಾಲಿಹೌಸಿನೊಳಗೆ ಹೋಗುವ ಮುನ್ನ ಹೆಂಗಸರೆಲ್ಲ ಡ್ರಮ್ಮಿನ ಬ್ಲೀಚಿಂಗ್ ನೀರಿನಲ್ಲಿ ಮೊಣಕೈವರೆಗೆ ಕೈ ಅದ್ದಬೇಕಿತ್ತು. ಟೊಮೆಟೊ ಕಾಯಿಗಳ ತಳ ಕಪ್ಪಗೆ, ಚಪ್ಪಟೆಯಾಗಿ ಕೊಳೆಯತೊಡಗಿತ್ತು. ಇದು ಕೆಲಸದವರ ಕೊಳಕು ಕೈಯ ರೋಗವೆಂದು ಸಾಹುಕಾರರು ಸೋಫಾದ ಮೇಲೆ ಕೂತೇ ಕಂಡುಹಿಡಿದಿದ್ದರು. ಇವರಿಗೊಂದು ಪಾಯಿಖಾನೆ ಕಟ್ಟಿಸಲು ಎಂದೂ ಪುರಸೊತ್ತಾಗದವರಿಗೆ ಈಗ ಇವರ ಶುಚಿಯ ಚಿಂತೆ ಹತ್ತಿಕೊಂಡಿತ್ತು. ಪುಣ್ಯಾತ್ಮರು!

ಅತ್ತೆ, ಸೊಸೆ ಇಬ್ಬರೂ ಅಲ್ಲೇ ದುಡಿಯುತ್ತಿದ್ದರು. ಆ ನೀರಿಗೆ ಅತ್ತೆಯ ಅಂಗೈ ಬಿರಿದು ರಕ್ತ ಜಿನುಗಿತು. ಬಟ್ಟೆ ಸುತ್ತಿಕೊಂಡು ಕಾಯಿ ಕೀಳುತ್ತಿದ್ದವಳು ಸಾಹುಕಾರರ ಕಣ್ಣಿಗೆ ಬಿದ್ದಳು.

"ಸಿಕ್ತು ನೋಡು ರೋಗದ ಬೇರು! ನಾಳೆಯಿಂದ ಇವಳು ಒಳಗೆ ಕಾಲಿಡಬಾರ್ದು."

ಅತ್ತೆ ಮನೆಯಲ್ಲಿ ಕೂತಳು. ಕಾಯಿ ಮಾತ್ರ ನಿಷ್ಠೆಯಿಂದ ಕೊಳೆಯುತ್ತಲೇ ಇತ್ತು. ಕೊನೆಗೆ ಪೇಟೆಯಿಂದ ಬೆಳೆ ತಜ್ಞರೊಬ್ಬರು ಬಂದು ಒಂದು ಕಾಯಿ ಕೊಯ್ದು ನೋಡಿದರು.

"ಇದು ಅಂಟುರೋಗ ಅಲ್ಲ. ಯಾರ ಕೈಯಿಂದಲೂ ಬರಲ್ಲ. ಕಾಯಿಗೆ ಕ್ಯಾಲ್ಸಿಯಂ ಸಾಲ್ತಿಲ್ಲ. ಜೀವಕೋಶದ ಗೋಡೆಗಳನ್ನ ಗಾರೆ ಥರ ಹಿಡಿದಿಡೋದೇ ಅದು. ಅದಿಲ್ಲದಿದ್ರೆ ಗೋಡೆ ಕುಸಿದು ತಳ ಕಪ್ಪಾಗುತ್ತೆ."

"ಮಣ್ಣಿಗೆ ಮೂಟೆಗಟ್ಲೆ ಹಾಕ್ಸಿದೀನಲ್ರೀ?"

"ಮಣ್ಣಲ್ಲಿ ಬೇಕಾದಷ್ಟಿದೆ. ಆದ್ರೆ ಅದು ನೀರಿನ ಜೊತೆಗೇ ಮೇಲೆ ಹತ್ತಬೇಕು. ನೀರು ಕಮ್ಮಿಯಾದ್ರೆ ಎಲೆಗಳೇ ಎಲ್ಲಾ ಎಳ್ಕೊಳ್ತವೆ. ಎಲೆ ಸೇರಿದ್ದು ಕಾಯಿಗೆ ವಾಪಸ್ ಬರಲ್ಲ."

"ನಮ್ ಸಾಹುಕಾರ್ರ ಜೇಬಿದ್ದಂಗೆ," ಎಂದು ಹಿಂದಿನ ಸಾಲಿನಲ್ಲಿ ಯಾರೋ ಗೊಣಗಿದರು. ಕಿಸಕ್ಕನೆ ನಗು.

"ಮಧ್ಯಾಹ್ನದ ಬಿಸಿಲಲ್ಲಿ ನೀರು ನಿಲ್ಲಿಸ್ತೀರಾ?" ತಜ್ಞರು ಕೇಳಿದರು.

ಮೇಸ್ತ್ರಿ ನೆಲ ನೋಡಿದ. ದಿನಾ ಮಧ್ಯಾಹ್ನ ಆ ನೀರನ್ನು ಹೊಸ ಅತಿಥಿಗೃಹದ ಹುಲ್ಲುಹಾಸಿಗೆ ತಿರುಗಿಸುತ್ತಿದ್ದವನು ಅವನೇ. ತಿರುಗಿಸಲು ಹೇಳಿದವರು ಕೆಮ್ಮಿದರು.

ತಜ್ಞರ ಕಾರು ಹೋದ ಮೇಲೆ ಸೊಸೆ ಕೇಳಿದಳು: "ಹಂಗಾದ್ರೆ ನಮ್ಮತ್ತೆ ನಾಳೆಯಿಂದ ಬರ್ಬೋದಾ ಸಾಹುಕಾರ್ರೇ?"

"ಅದು ಬೇರೆ ವಿಷಯ. ನಾನು ಒಂದ್ಸಲ ಆಡಿದ ಮಾತು ಆಡಿದ್ದೇ."

ಮಾತಿಗೆ ತಪ್ಪದ ಮಹಾನುಭಾವರು! ನೀರಿನ ಮಾತನ್ನಂತೂ ಎತ್ತಲೇ ಇಲ್ಲ.

ಮಧ್ಯಾಹ್ನ ಮೇಸ್ತ್ರಿ ಎಂದಿನಂತೆ ನೀರು ತಿರುಗಿಸಲು ಬಂದ. ವಾಲ್ವಿನ ಗುಂಡಿಗೆ ಮುಚ್ಚಿದ್ದ ಚಪ್ಪಡಿಯ ಮೇಲೆ ಸೊಸೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು.

"ಏಳಮ್ಮ. ಸಂಜೆ ದೊಡ್ಡೋರು ಬರ್ತಾರೆ, ಹುಲ್ಲು ಒಣಗುತ್ತೆ."

"ಒಣಗ್ಲಿ ಬಿಡಣ್ಣ. ನಮ್ಮತ್ತೆ ಬಂದು ಏಳು ಅಂದ್ರೆ ಏಳ್ತೀನಿ."

ಉಳಿದವರೂ ಒಬ್ಬೊಬ್ಬರೇ ಬಂದು ಅವಳ ಸುತ್ತ ಕೂತರು. ಮೇಸ್ತ್ರಿ ಬಂಗಲೆಗೆ ಓಡಿದ. ಸಾಹುಕಾರರು ಬಂದು ಕೂಗಾಡಿದರು, ಬೆದರಿಸಿದರು. ಯಾರೂ ಅಲ್ಲಾಡಲಿಲ್ಲ. ಕಡೆಗೆ, "ಕರ್ಕೊಂಡ್ ಬಾರೋ ಆ ಮುದುಕೀನ!" ಎಂದರು.

ಅತ್ತೆ ಬಂದಳು.

"ಏಳು ಅಂತ ಹೇಳು ನಿನ್ನ ಸೊಸೆಗೆ."

ಅತ್ತೆ ಸಾಹುಕಾರರ ಮುಖ ನೋಡಿದಳು. ಆಮೇಲೆ ಸೊಸೆಯ ಹತ್ತಿರ ಹೋದಳು.

"ಸ್ವಲ್ಪ ಸರ್ಕೊಳ್ಳೇ," ಎಂದು ಪಕ್ಕದಲ್ಲೇ ಕೂತಳು.